ಬಿಬಿಎ: ತೋಳಹುಣಸೆಯೋ, ದುಬೈಯೋ, ಗುರುಗ್ರಾಮವೋ?

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಬಿಬಿಎ ಎಂದರೆ ಸಾಮಾನ್ಯವಾಗಿ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ಪದವಿ. ಆರು ಸೆಮಿಸ್ಟರ್, ಹೆಚ್ಚಿನ ಅಂಕ ಕೊನೆಯ ಪರೀಕ್ಷೆಗೆ, ಮನೆ ಊಟ. ದುಬೈಯಂಥ ಕಡೆಯ ವಿದೇಶಿ ಕ್ಯಾಂಪಸ್‌ನಲ್ಲಿ ವರ್ಷವಿಡೀ ಅಸೈನ್‌ಮೆಂಟ್, ಗುಂಪು ಪ್ರಾಜೆಕ್ಟ್. ನಕಲು ಸಿಕ್ಕಿಬಿದ್ದರೆ ಆ ವಿಷಯವೇ ಹೋಗಬಹುದು. ಗೈಡ್ ಬಾಯಿಪಾಠ ಮಾಡಿ ಪಿಯುಸಿ ದಾಟಿದವರು ಎಡವುವುದು ಇಲ್ಲೇ.

ನಿಜವಾದ ತಲೆನೋವು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷ ದಾಟಿದರೆ ಖರ್ಚಿನಲ್ಲಿ ನಾವು ಕೈಯಿಂದ ಹಾಕಬೇಕಾದ ಪಾಲು ದೇಶದೊಳಗೆ ಶೇ 5, ಹೊರಗೆ ಶೇ 15. 7.5 ಲಕ್ಷದ ಮೇಲೆ ಅಡಮಾನ ಬೇಕು. ಚನ್ನಗಿರಿಯ ಅಡಿಕೆ ತೋಟ ಎಷ್ಟೇ ಬೆಲೆ ಬಾಳಲಿ, ಕೃಷಿ ಜಮೀನನ್ನು ಸರ್ಫೇಸಿ ಕಾಯ್ದೆಯಡಿ (ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಕಾನೂನು) ಜಪ್ತಿ ಮಾಡಲಾಗದು. ಹಾಗಾಗಿ ಎಷ್ಟೋ ಶಾಖೆಗಳು ಪಹಣಿ ಬದಿಗಿಟ್ಟು ಮನೆ, ಸೈಟಿನ ಕಾಗದ ಕೇಳುತ್ತವೆ.

ದುಬೈಗಾದರೆ ವೀಸಾ, ಅಂಕಪಟ್ಟಿಯ ದೃಢೀಕರಣ ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಕಡತ ಅಲ್ಲೇ ನಿಲ್ಲಬಹುದು, ಮೊದಲೇ ಸರಿಪಡಿಸಿಕೊಳ್ಳಿ. ಮರಳಿ ಬಂದು ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಆ ವಿದೇಶಿ ಪದವಿ ಇಲ್ಲಿನ ಪದವಿಗೆ ಸಮ ಎನ್ನುವ ಸಮಾನತೆ ಪ್ರಮಾಣಪತ್ರವೂ ಬೇಕಾಗುತ್ತದೆ.

ನಡುದಾರಿ ದೆಹಲಿ ಪಕ್ಕದ ಗುರುಗ್ರಾಮ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಅಲ್ಲಿ 2025ರಲ್ಲಿ ತರಗತಿ ಆರಂಭಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಡಿ ತೆರೆದ ಇಂಥ ಕ್ಯಾಂಪಸ್‌ಗಳ ಪದವಿಗೆ ಆ ಪ್ರಮಾಣಪತ್ರ ಬೇಡ, ವೀಸಾದ ಮಾತೂ ಇಲ್ಲ. ಶುಲ್ಕ ಮಾತ್ರ ಊರಿನ ಕಾಲೇಜಿನ ಹತ್ತಿರಕ್ಕೂ ಬರದು. ಕೆಎಎಸ್, ಬ್ಯಾಂಕ್ ಪರೀಕ್ಷೆಯೇ ಗುರಿಯಾದರೆ ತೋಳಹುಣಸೆಯ ಪದವಿ ಧಾರಾಳ ಸಾಕು.