ಕಾರಿನ ಆಂಪ್ಲಿಫೈಯರ್‌ಗೆ 60 ಆಂಪಿಯರ್ ಫ್ಯೂಸ್: ಗಾಜಿನದ್ದೋ, ಮಿನಿ ಎಎನ್‌ಎಲ್ಲೋ, ಬ್ರೇಕರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಾರಿನಲ್ಲಿ ಈಗ ಬ್ಯಾಟರಿ ಬಳಿ ಉಳಿದಿರುವುದು ಮಿನಿ ಎಎನ್‌ಎಲ್ ಎಂಬ ಚಪ್ಪಟೆ ಫ್ಯೂಸ್. ಎಜಿಯು ಎಂಬ ಗಾಜಿನ ಫ್ಯೂಸನ್ನೂ, ಕರೆಂಟ್ ಜಾಸ್ತಿಯಾದರೆ ತಾನೇ ಬಿಟ್ಟುಕೊಳ್ಳುವ ಸರ್ಕ್ಯೂಟ್ ಬ್ರೇಕರನ್ನೂ ಅದೇ ಜಾಗದಲ್ಲಿ, ಅದೇ ವೈರಿಗೆ ಹಾಕಿ ನೋಡಿದ್ದೇನೆ. ಮೂರೂ 60 ಆಂಪಿಯರಿನವೇ. ಆದರೂ ನಡವಳಿಕೆ ಬೇರೆ ಬೇರೆ.

60 ಏಕೆ ಅಂತ ಮೊದಲು ನೋಡೋಣ. ನನ್ನದು 500 ವ್ಯಾಟ್ ಆರ್‌ಎಂಎಸ್ (ಎಡೆಬಿಡದೆ ಕೊಡಬಲ್ಲ ಶಕ್ತಿ) ಇರುವ, ಕ್ಲಾಸ್ ಡಿ ಎಂಬ ಕಮ್ಮಿ ಕರೆಂಟ್ ಪೋಲು ಮಾಡುವ ಬಗೆಯ ಮಾನೊ (ಒಂದೇ ಚಾನೆಲ್‌ನ) ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಒಂದು ಸಬ್‌ವೂಫರ್ (ಬೇಸ್ ಸ್ಪೀಕರ್). ಕ್ಲಾಸ್ ಡಿ ದಕ್ಷತೆ ಸುಮಾರು ಶೇ. 80 ಎಂದು ಹಿಡಿಯಿರಿ. 500 ವ್ಯಾಟ್ ಹೊರಬರಬೇಕಾದರೆ 625 ವ್ಯಾಟ್ ಒಳಹೋಗಬೇಕು. ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 45 ಆಂಪಿಯರ್. ಇದೇ ಶಕ್ತಿಯ ಕ್ಲಾಸ್ ಎಬಿ ಎಂಬ ಇನ್ನೊಂದು ಬಗೆ ಆಗಿದ್ದರೆ ದಕ್ಷತೆ ಶೇ. 55ರ ಆಸುಪಾಸು, ಲೆಕ್ಕ ಸುಮಾರು 66 ಆಂಪಿಯರ್‌ಗೆ ಏರುತ್ತದೆ. ಆಗ ನನ್ನ 8 ಗೇಜ್ ವೈರು ಸಾಲದು, 4 ಗೇಜ್ ಎಳೆಯಲೇಬೇಕು (ಗೇಜ್ ಅಂಕಿ ಇಳಿದಷ್ಟೂ ವೈರು ದಪ್ಪ).

ಇದು ಪೂರ್ತಿ ಲೋಡಿನ ಲೆಕ್ಕ. ಹಾಡು ಹಾಕಿದಾಗ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ತೋರಿಸಿದ್ದು ಅದರ ಮೂರರಲ್ಲೊಂದು ಭಾಗಕ್ಕಿಂತ ಕಮ್ಮಿ. ಡ್ರಮ್ ಏಟು ಬಿದ್ದಾಗ ಮಾತ್ರ ಮುಳ್ಳು ಜಿಗಿದಂತೆ ಅಂಕಿ ಏರಿ ಇಳಿಯುತ್ತದೆ. ಒಂದೇ ಸಮನೆ ಮೊಳಗುವ 50 ಹರ್ಟ್ಸ್ ಟೋನ್ ಹಾಕಿದಾಗಲೂ 45 ಮುಟ್ಟಲಿಲ್ಲ. ಡಬ್ಬದೊಳಗಿನ ಸ್ಪೀಕರಿನ ಇಂಪೆಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಬಹಳಷ್ಟು ಆವರ್ತನಗಳಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇರುತ್ತದೆ, ಹಾಗಾಗಿ ಕರೆಂಟ್ ಕಮ್ಮಿ. ಅಂದಹಾಗೆ, ಮನೆ ಎಲೆಕ್ಟ್ರಿಷಿಯನ್ನರ ಹತ್ತಿರ ಇರುವ ಮಾಮೂಲಿ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಎಷ್ಟೋ ಎಸಿ ಮಾತ್ರ ಅಳೆಯುತ್ತವೆ. ಕಾರಿಗೆ ಡಿಸಿ ಅಳೆಯುವುದೇ ಬೇಕು.

ಹಾಗಾದರೆ 30 ಆಂಪಿಯರ್ ಫ್ಯೂಸ್ ಸಾಕಲ್ವಾ? ಮೆಲ್ಲನೆ ಕೇಳುವವರಿಗೆ ನಡೆದೀತು. ಆದರೆ ಬ್ಯಾಟರಿ ಬಳಿಯ ಫ್ಯೂಸಿನ ಕೆಲಸವೇ ಬೇರೆ. ಅದು ಕಾಯುವುದು ವೈರನ್ನು. ಆಂಪ್ಲಿಫೈಯರ್ ಕಾಯಲು ಅದರ ಮೈಮೇಲೆಯೇ ಫ್ಯೂಸ್ ಇರುತ್ತದೆ. ವೈರಿನ ಹೊದಿಕೆ ಎಲ್ಲೋ ಉಜ್ಜಿ ಒಳಗಿನ ಲೋಹ ಕಾರಿನ ಮೈಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಬೆಂಕಿ ಹೊತ್ತಿಕೊಳ್ಳಲು ಅಷ್ಟು ಸಾಕು. ಅದಕ್ಕೇ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು, ಹತ್ತಿರವಾದಷ್ಟೂ ಒಳ್ಳೆಯದು. ನನ್ನ ವೈರು 8 ಗೇಜಿನ ಶುದ್ಧ ತಾಮ್ರ, ಅದು 60 ಆಂಪಿಯರ್ ತಾಳಿಕೊಳ್ಳುತ್ತದೆ, ಅದಕ್ಕೇ 60ರ ಫ್ಯೂಸ್. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಆಗಿದ್ದರೆ ಫ್ಯೂಸನ್ನು 40ಕ್ಕೆ ಇಳಿಸುತ್ತಿದ್ದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ವೈರಿಂಗ್ ಕಿಟ್ ಕೊಳ್ಳುವಾಗ ಡಬ್ಬದ ಮೇಲಿನ ‘1500 ವ್ಯಾಟ್’ ನೋಡಬೇಡಿ. ತುದಿ ಕೆರೆದು ಎಳೆಗಳ ಬಣ್ಣ ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ.

ಈಗ ಎಜಿಯು. ಅಗ್ಗದ ಕಿಟ್‌ಗಳಲ್ಲಿ ಬರುವ ಗಾಜಿನ ಕೊಳವೆ ಇದೇ. ಎರಡು ತುದಿಯ ಲೋಹದ ಟೋಪಿಗಳನ್ನು ಹೋಲ್ಡರ್ ಒತ್ತಿ ಹಿಡಿಯುತ್ತದೆ, ಅಷ್ಟೇ ಸಂಪರ್ಕ. ಟೋನ್ ಹಾಕಿ ಸ್ವಲ್ಪ ಹೊತ್ತಿಗೆ ಟೋಪಿ ಕೈ ಸುಡುವಷ್ಟು ಬಿಸಿ. ಹೋಲ್ಡರಿನ ಎರಡು ಬದಿಗೆ ಮಲ್ಟಿಮೀಟರ್ ಹಿಡಿದರೆ ವೋಲ್ಟೇಜ್ ಇಳಿತ ಮಿನಿ ಎಎನ್‌ಎಲ್‌ನ ದುಪ್ಪಟ್ಟಿಗೂ ಮೇಲೆ. 40 ಆಂಪಿಯರಿನಲ್ಲಿ 0.1 ವೋಲ್ಟ್ ಕಳೆದರೂ ಆ ಪುಟ್ಟ ಡಬ್ಬಿಯೊಳಗೆ 4 ವ್ಯಾಟ್ ಬಿಸಿ ಹುಟ್ಟುತ್ತದೆ. ಇಂಥ ಬಿಸಿಗೆ ಕೊನೆಗೆ ಫ್ಯೂಸ್ ಹೋಗುತ್ತದೆ. ಜನ ಕರೆಂಟ್ ಜಾಸ್ತಿಯಾಯಿತು ಅಂದುಕೊಂಡು 80ರದ್ದು ಹಾಕುತ್ತಾರೆ. ನಿಜವಾದ ಅಪಾಯ ಶುರುವಾಗುವುದು ಅಲ್ಲೇ.

ಬ್ರೇಕರ್ ನನಗೆ ತುಂಬ ಇಷ್ಟವಾಗಿತ್ತು. ಗುಂಡಿ ಒತ್ತಿದರೆ ವೈರಿನ ಸಾಲು ಬಂದ್, ಕೆಲಸ ಮಾಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚುವ ಗೋಜಿಲ್ಲ. ಆದರೆ ಇದರೊಳಗಿನದು ಶಾಖಕ್ಕೆ ಬಾಗುವ ಲೋಹದ ಪಟ್ಟಿ. ಬಾನೆಟ್ ಒಳಗಿನ ಬಿಸಿಯೂ ಅದಕ್ಕೆ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ತೆವಳುವಾಗ, ದಿನದ ವಾಲ್ಯೂಮಿನಲ್ಲೇ ಅದು ಬಿಟ್ಟುಕೊಂಡಿತು. ಬೆಳಗಿನ ತಂಪಿನಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕ ಎರಡನೆಯ ಕಾವಲಾಗಿ ಇಟ್ಟರೆ ಚೆನ್ನ. ಬ್ಯಾಟರಿ ಬಳಿ ಬೇಡ.

ಮಿನಿ ಎಎನ್‌ಎಲ್ ಚಪ್ಪಟೆ ಪಟ್ಟಿ, ಎರಡೂ ಕಡೆ ಸ್ಕ್ರೂ ಬಿಗಿದು ಕೂರಿಸುವುದು. ಸಂಪರ್ಕ ಅಗಲ, ಅದಕ್ಕೇ ತಣ್ಣಗಿರುತ್ತದೆ. ಒಂದೇ ತೊಂದರೆ, ಕಾರು ಅಲುಗಿ ಅಲುಗಿ ಸ್ಕ್ರೂ ಸಡಿಲವಾಗಬಹುದು. ಸರ್ವಿಸ್ ಸಮಯದಲ್ಲಿ ಒಮ್ಮೆ ಬಿಗಿ ನೋಡಿ.

ಯಾವ ಫ್ಯೂಸೂ ಬರೆದ ಅಂಕಿ ದಾಟಿದ ತಕ್ಷಣ ಹೋಗುವುದಿಲ್ಲ. ಕಾರುಗಳಲ್ಲಿ ಎಲ್ಲೆಡೆ ಕಾಣುವ ಸಣ್ಣ ಬ್ಲೇಡ್ ಫ್ಯೂಸನ್ನೇ ತೆಗೆದುಕೊಳ್ಳಿ. ಶೇ. 110 ಕರೆಂಟಿನಲ್ಲಿ ಕನಿಷ್ಠ 100 ಗಂಟೆ ಬಾಳಬೇಕು, ಶೇ. 135ರಲ್ಲಿ 10 ನಿಮಿಷದೊಳಗೆ, ಎರಡು ಪಟ್ಟಾದರೆ 5 ಸೆಕೆಂಡಿನೊಳಗೆ ಹೋಗಬೇಕು. ಹಾಗಾಗಿ ಡ್ರಮ್ ಏಟಿನ ಕ್ಷಣದ ಜಿಗಿತಕ್ಕೆ ಹೆದರಿ ದೊಡ್ಡ ಫ್ಯೂಸ್ ಹಾಕುವುದು ಬೇಡ.

ಮುಂದೆ ಬಾಗಿಲಿನ ಸ್ಪೀಕರ್‌ಗಳಿಗೆ ಇನ್ನೊಂದು ಆಂಪ್ಲಿಫೈಯರ್ ಸೇರಿಸುವವರಿದ್ದರೆ, ಮುಖ್ಯ ಸಾಲನ್ನು 4 ಗೇಜ್ ತಾಮ್ರಕ್ಕೆ ಏರಿಸಿ ಬ್ಯಾಟರಿ ಬಳಿ 100 ಆಂಪಿಯರ್ ಹಾಕಿ. ಡಿಕ್ಕಿಯಲ್ಲಿ ಸಾಲು ಕವಲೊಡೆಯುವ ಕಡೆ ವೈರು ಸಣ್ಣದಾಗುತ್ತದೆ, ಅಲ್ಲಿ ಪ್ರತಿ ಕವಲಿಗೂ ಅದರ ಗಾತ್ರಕ್ಕೆ ತಕ್ಕ ಫ್ಯೂಸ್ ಬೇಕು.