ಫಿಟ್ಸ್‌ಗೆ ಎಂಆರ್‌ಐ ಮಾಡಿಸಿದ್ದು: ಐದಕ್ಕೆ ನಾಲ್ಕು ಸ್ಟಾರ್

ತಮ್ಮನಿಗೆ ನಾಲ್ಕು ವರ್ಷದಿಂದ ಫಿಟ್ಸ್. ಕೈಕಾಲು ಸೆಟೆದು ಬೀಳುವ ತರಹದ್ದಲ್ಲ, ಮಾತಾಡ್ತಾ ಇದ್ದವನು ಇದ್ದಕ್ಕಿದ್ದ ಹಾಗೆ ಎಲ್ಲೋ ನೋಡುತ್ತಾ, ತುಟಿ ಚಪ್ಪರಿಸುತ್ತಾ, ಅಂಗಿ ಗುಂಡಿ ತಡಕಾಡುತ್ತಾ ಒಂದು ನಿಮಿಷ ಕೂತುಬಿಡುತ್ತಾನೆ. ಮಾತ್ರೆ ಎರಡು ಸಲ ಬದಲಾಯಿಸಿದರೂ ನಿಲ್ಲಲಿಲ್ಲ. ಮೊದಲು ಮಾಡಿಸಿದ ಸ್ಕ್ಯಾನ್‌ನಲ್ಲಿ 'ನಾರ್ಮಲ್' ಅಂತ ಬಂತು. ನ್ಯೂರೋ ಡಾಕ್ಟರು ಆ ಫಿಲ್ಮ್ ನೋಡಿ, ಇದು ತಲೆನೋವಿಗೆ ತೆಗೆಯೋ ಸ್ಕ್ಯಾನ್ ಅಲ್ವಾ ಅಂದರು. ಚೀಟಿಯಲ್ಲಿ '3 ಟೆಸ್ಲಾ, ಎಪಿಲೆಪ್ಸಿ ಪ್ರೋಟೋಕಾಲ್' ಅಂತ, ಅಂದರೆ ಹೆಚ್ಚು ಶಕ್ತಿಯ ಅಯಸ್ಕಾಂತದ ಮೆಷಿನ್‌ನಲ್ಲಿ, ಫಿಟ್ಸ್‌ಗೆ ಅಂತಲೇ ಇರೋ ಕ್ರಮದಲ್ಲಿ ತೆಗೀರಿ ಅಂತ ಬರೆದು ಬೇರೆ ಸೆಂಟರ್‌ಗೆ ಕಳಿಸಿದರು. ಈ ರಿವ್ಯೂ ಆ ಎರಡನೇ ಸೆಂಟರ್‌ದು.

ಮಾಮೂಲಿ ಸ್ಕ್ಯಾನ್‌ನಲ್ಲಿ ಮೆದುಳನ್ನು ಸುಮಾರು 5 ಮಿಲಿಮೀಟರ್ ದಪ್ಪದ ಹೋಳಾಗಿ ನೋಡ್ತಾರೆ, ಮಧ್ಯೆ ಸ್ವಲ್ಪ ಬಿಟ್ಟುಬಿಟ್ಟು. ಬದನೆಕಾಯಿ ಅಷ್ಟು ದಪ್ಪ ಹೆಚ್ಚಿದರೆ ಒಳಗಿನ ಹುಳ ಸಿಗುತ್ತಾ? ಇಲ್ಲಿ 1 ಮಿಲಿಮೀಟರ್, ಮಧ್ಯೆ ಏನೂ ಬಿಡಲ್ಲ, ಜೊತೆಗೆ ಕಿವಿಯ ನೇರಕ್ಕೆ ಮೆದುಳಿನ ಒಳಗಡೆ ಇರುವ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗಕ್ಕೆ ಅಡ್ಡಲಾಗಿ ಬೇರೆ ಚಿತ್ರ ತೆಗೀತಾರೆ. ಫಿಟ್ಸ್‌ಗೆ ಹೀಗೇ ತೆಗೀಬೇಕು ಅಂತ ಅಂತರರಾಷ್ಟ್ರೀಯ ತಜ್ಞರ ಸಂಘ 2019ರಲ್ಲೇ ಹೇಳಿದೆಯಂತೆ.

ಟೆಕ್ನಿಷಿಯನ್ ಬಗ್ಗೆ ಹೇಳಲೇಬೇಕು. ಉಡಿದಾರದಲ್ಲಿ ಅಜ್ಜಿ ಕಟ್ಟಿದ್ದ ತಾಯಿತ ಇತ್ತು, ಲೋಹ ಒಳಗೆ ಬಿಡೋ ಹಾಗಿಲ್ಲ. ಕತ್ತರಿ ತರದೆ ಗಂಟನ್ನು ಉಗುರಲ್ಲೇ ಬಿಡಿಸಿ, ಕವರ್‌ಗೆ ಹಾಕಿ, ಮೇಲೆ ತಮ್ಮನ ಹೆಸರು ಬರೆದು ನನ್ನ ಕೈಗೆ ಕೊಟ್ಟ. ಒಳಗಡೆ ಬೋರ್‌ವೆಲ್ ಕೊರೆದ ಹಾಗೆ ಸದ್ದು, ನಲವತ್ತು ನಿಮಿಷ. ಕಿವಿಗೆ ಇಡೋಕೆ ಕೊಡ್ತಾರೆ, ತೊಂದರೆ ಆದ್ರೆ ಕರೆಯೋಕೆ ಕೈಗೆ ಒತ್ತೋ ರಬ್ಬರ್ ಬಲ್ಬ್ ಕೊಡ್ತಾರೆ. ಫಿಟ್ಸ್ ಬಂದ್ರೆ ಅದನ್ನ ಒತ್ತೋಕೆ ಆಗುತ್ತಾ ಅಂತ ಕೇಳಿದ್ದಕ್ಕೆ, ನಾನು ಗಾಜಿನಿಂದ ನೋಡ್ತಾನೇ ಇರ್ತೀನಿ, ಬಂದ್ರೆ ತಕ್ಷಣ ಟೇಬಲ್ ಹೊರಗೆ ಎಳೀತೀನಿ ಅಂದ.

ರಿಪೋರ್ಟ್‌ನಲ್ಲಿ ಬಲಗಡೆ ಹಿಪೊಕ್ಯಾಂಪಸ್ ಕುಗ್ಗಿದೆ, ಫ್ಲೇರ್ ಅನ್ನೋ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೀತಿದೆ ಅಂತ ಇತ್ತು. ಮುಂದೆ ವಿಡಿಯೋ ಇಇಜಿ, ಅಂದರೆ ವಿಡಿಯೋ ಮಾಡ್ತಾ ಮೆದುಳಿನ ವಿದ್ಯುತ್ ಅಲೆಗಳನ್ನ ದಾಖಲಿಸೋ ಪರೀಕ್ಷೆ. ಫಿಟ್ಸ್ ಅಲ್ಲಿಂದಲೇ ಹುಟ್ತಿದೆ ಅಂತ ಗೊತ್ತಾದರೆ ಆಪರೇಷನ್ ಮಾತು. ಹೆದರಿಕೆ ಆಯ್ತು, ಆದರೆ 'ನಾರ್ಮಲ್' ಅಂತ ಓದಿಕೊಂಡು ಮಾತ್ರೆ ನುಂಗೋದಕ್ಕಿಂತ ಇದೇ ವಾಸಿ ಅನಿಸಿತು.

ಒಂದು ಸ್ಟಾರ್ ಕಟ್ ಯಾಕೆ ಅಂದ್ರೆ, ಒಂಬತ್ತಕ್ಕೆ ಬರಹೇಳಿ ಕರೆದಿದ್ದು ಹನ್ನೊಂದೂಕಾಲಿಗೆ. ಸಿಡಿಯನ್ನ ಮೂರು ಸಲ ಕೇಳಬೇಕಾಯ್ತು, ಫಿಲ್ಮ್ ಸಾಕು ಸರ್ ಅಂತಾರೆ. ಸಾಕಾಗಲ್ಲ, ಆ ಸಣ್ಣ ಹೋಳುಗಳೆಲ್ಲ ಸಿಡಿಯಲ್ಲೇ ಇರೋದು, ಬಿಡದೆ ಕೇಳಿ ತಗೊಳ್ಳಿ.