ಪಿಸ್ಟನ್ನೋ ಡಯಾಫ್ರಮ್ಮೋ: ಬೆಚ್ಚನೆಯ ಕಡಲಿಗೆ ಯಾವ ಸ್ಕೂಬಾ ಸಲಕರಣೆ?

ಸ್ಕೂಬಾ ಸಲಕರಣೆಗಳ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಣ್ಣೀರಿನ ದೇಶಗಳವು. ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಹಿಮಗಟ್ಟೀತೇ, 7 ಮಿಲಿಮೀಟರ್ ದಪ್ಪದ ಸೂಟು ಸಾಕೇ ಎಂಬ ಚಿಂತೆ ಅಲ್ಲಿನವರದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಾಗಲಿ, ಅಂಡಮಾನಿನ ಸ್ವರಾಜ್ ದ್ವೀಪವಾಗಲಿ, ನಮ್ಮ ನೀರು ಹೆಚ್ಚುಕಡಿಮೆ 28 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಸಲಕರಣೆಯನ್ನು ತಿನ್ನುವುದು ಉಪ್ಪು, ಸೆಕೆ ಮತ್ತು ಮಳೆಗಾಲದಲ್ಲಿ ಕಪಾಟಿನೊಳಗೆ ಕಳೆಯುವ ನಾಲ್ಕು ತಿಂಗಳು. ಒಂದೊಂದು ಸಾಮಾನಿನಲ್ಲೂ ಎರಡೆರಡು ಬಗೆಯನ್ನು ಬಳಸಿ ನೋಡಿದ್ದೇನೆ. ನೀರಿನೊಳಗೆ ಕಂಡ ವ್ಯತ್ಯಾಸ ಅಷ್ಟಕ್ಕಷ್ಟೇ. ದಡಕ್ಕೆ ಬಂದು ಬಕೆಟ್ಟಿನ ಮುಂದೆ ಕುಳಿತಾಗಲೇ ಯಾವುದು ಯಾವುದೆಂದು ತಿಳಿಯುತ್ತದೆ.

ರೆಗ್ಯುಲೇಟರಿನಿಂದಲೇ ಶುರುಮಾಡೋಣ, ಜೇಬಿಗೆ ಹೆಚ್ಚು ಭಾರವಾಗುವುದು ಅದೇ. ಸಿಲಿಂಡರಿನ ಬಾಯಿಗೆ ಕೂರುವ ಮೊದಲ ಹಂತವು 200 ಬಾರ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಈ ಕೆಲಸವನ್ನು ಪಿಸ್ಟನ್ ಮಾಡಬಹುದು, ಡಯಾಫ್ರಮ್ ಮಾಡಬಹುದು. ಪಿಸ್ಟನ್ ಬಗೆಯಲ್ಲಿ ಸಮುದ್ರದ ನೀರು ಕವಚದ ರಂಧ್ರಗಳ ಮೂಲಕ ಒಳನುಗ್ಗಿ ಸ್ಪ್ರಿಂಗನ್ನೂ ಪಿಸ್ಟನ್ನನ್ನೂ ನೇರವಾಗಿ ಮುಟ್ಟುತ್ತದೆ. ಡಯಾಫ್ರಮ್ ಬಗೆಯಲ್ಲಿ ರಬ್ಬರಿನಂಥ ಬಿಲ್ಲೆಯೊಂದು ನೀರಿಗೂ ಒಳಗಿನ ಕವಾಟಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಸೀಲ್ ಮಾಡಿದ ಮಾದರಿಯಾದರೆ ಸ್ಪ್ರಿಂಗಿಗೂ ಉಪ್ಪು ತಾಗುವುದಿಲ್ಲ.

ಉಸಿರಾಟದಲ್ಲಿ ವ್ಯತ್ಯಾಸ ಇದೆಯೇ ಎಂದು ಕೇಳುವವರಿಗೆ ನನ್ನ ಉತ್ತರ: ಎರಡೂ ಬ್ಯಾಲೆನ್ಸ್ಡ್ (ಸಿಲಿಂಡರಿನ ಒತ್ತಡ ಇಳಿದರೂ ಉಸಿರಾಟ ಬಿಗಿಯಾಗದ) ಮಾದರಿಗಳಾಗಿದ್ದರೆ, ನಾವು ಸಾಮಾನ್ಯವಾಗಿ ಇಳಿಯುವ 15–20 ಮೀಟರ್ ಆಳದಲ್ಲಿ ಕಣ್ಣು ಕಟ್ಟಿ ಕೊಟ್ಟರೆ ನನಗಂತೂ ಗುರುತಿಸಲಾಗದು. ಪಿಸ್ಟನ್‌ನಲ್ಲಿ ಗಾಳಿ ಧಾರಾಳವಾಗಿ ಬರುತ್ತದೆ ಎಂದು ಅದರ ಅಭಿಮಾನಿಗಳು ಹೇಳುವುದುಂಟು. 40 ಮೀಟರಿನಲ್ಲಿ ಇಬ್ಬರು ಒಂದೇ ಸಿಲಿಂಡರಿನಿಂದ ಉಸಿರಾಡುವಾಗ ಅದು ಮುಖ್ಯವಾದೀತು. ಬಂಡೆಯ ಸಂದಿಯಲ್ಲಿ ಮೀನು ನೋಡುತ್ತ ತೇಲುವವರು ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ತೊಳೆಯುವಾಗಿನ ಕತೆಯೇ ಬೇರೆ. ದೋಣಿಯಲ್ಲಿ ಹಾಗೇ ಒಣಗಿದ ಪಿಸ್ಟನ್ ರೆಗ್ಯುಲೇಟರನ್ನು ಸಂಜೆ ಬೆಳಕಿಗೆ ಹಿಡಿದು ನೋಡಿ: ರಂಧ್ರಗಳ ಅಂಚಿನಲ್ಲಿ ಬಿಳಿಯ ಪುಡಿ ಕೂತಿರುತ್ತದೆ. ಅದೇ ಪುಡಿ ಒಳಗೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗಿನ ಸುತ್ತಲೂ ಕಟ್ಟಿಕೊಂಡರೆ ಪಿಸ್ಟನ್ ಚಲಿಸಿದಾಗಲೆಲ್ಲ ಉಜ್ಜುತ್ತದೆ. ಹಾಗಾಗಿ ಅದನ್ನು ಸುಮ್ಮನೆ ಅದ್ದಿ ತೆಗೆದರೆ ಸಾಲದು, ಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ರಂಧ್ರಗಳೊಳಗೆ ನೀರು ಹಾಯಿಸಬೇಕು. ಸೀಲ್ ಮಾಡಿದ ಡಯಾಫ್ರಮ್ ಇಷ್ಟು ಉಪಚಾರ ಬೇಡುವುದಿಲ್ಲ. ಮುರುಡೇಶ್ವರದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೊರಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಎರಡಕ್ಕೂ ತಪ್ಪದ ನಿಯಮಗಳೂ ಇವೆ. ಮೊದಲ ಹಂತದ ಗಾಳಿದ್ವಾರಕ್ಕೆ ಹಾಕುವ ಧೂಳುಮುಚ್ಚಳವನ್ನು ಬಟ್ಟೆಯಲ್ಲಿ ಒರೆಸಿ, ಒಣಗಿದೆ ಎಂದು ಖಚಿತಪಡಿಸಿಕೊಂಡು ಬಿಗಿಯಾಗಿ ಕೂರಿಸಿದ ಮೇಲೆಯೇ ರೆಗ್ಯುಲೇಟರ್ ನೀರಿಗಿಳಿಯಬೇಕು. ನೆನೆಸಿದಾಗ ಬಾಯಿಗಿಡುವ ಎರಡನೇ ಹಂತದ ಪರ್ಜ್ ಗುಂಡಿಯನ್ನು (ಗಾಳಿ ಹರಿಸಿ ಒಳಗಿನ ನೀರನ್ನು ಹೊರದೂಡುವ ಗುಂಡಿ) ಒತ್ತಬಾರದು. ಒತ್ತಿದರೆ ಕವಾಟ ತೆರೆದುಕೊಂಡು ನೀರು ಕೊಳವೆಯ ಮೂಲಕ ಮೊದಲ ಹಂತದವರೆಗೂ ಹೋಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಉಪ್ಪು ಹೋದರೂ ಅದರದೇ ಬಿಳಿ ಕಲೆ ಉಳಿಯುತ್ತದೆ. ನಾನು ಕೊನೆಯ ಸಲ ಅದ್ದುವುದಕ್ಕೆ ಕಾವೇರಿ ನೀರನ್ನೋ ಶೋಧಿಸಿದ ನೀರನ್ನೋ ಬಳಸುತ್ತೇನೆ. ಮನೆಯವರಿಗೆ ಇದು ಅತಿ ಎನಿಸುತ್ತದೆ, ಎನಿಸಲಿ.

ಸರ್ವೀಸಿನ ವಿಷಯದಲ್ಲಿ ಪಿಸ್ಟನ್ ಮುಂದು. ಚಲಿಸುವ ಭಾಗಗಳು ಕಡಿಮೆ, ಬಿಡಿಭಾಗಗಳ ಕಿಟ್ ಸಣ್ಣದು, ಖರ್ಚೂ ಹಗುರ. ಡಯಾಫ್ರಮ್ಮಿನಲ್ಲಿ ಬಿಲ್ಲೆ, ಪಿನ್ನು, ಕವಾಟ, ಸೀಲು ಎಂದು ಪಟ್ಟಿ ಬೆಳೆಯುತ್ತದೆ. ಇಷ್ಟಾದರೂ ನನ್ನ ಆಯ್ಕೆ ಸೀಲ್ ಮಾಡಿದ ಡಯಾಫ್ರಮ್ಮೇ. ಕರಾವಳಿಯಲ್ಲೇ ಮನೆಯಿದ್ದು, ನೀರಿನಿಂದ ಎದ್ದ ಕೂಡಲೇ ತೊಳೆಯುವವರು ಪಿಸ್ಟನ್ ತೆಗೆದುಕೊಳ್ಳಲಿ. ಯಾವುದೇ ಇರಲಿ, ಒತ್ತಡದ ಗೇಜೊಂದನ್ನು, ತೇಲುವ ಅಂಗಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಕೊಳವೆಗೆ ಸಿಕ್ಕಿಸಿ ನೋಡುವುದನ್ನು ಕಲಿತುಕೊಳ್ಳಿ. ಮುಳ್ಳು ಒಂದು ಮಟ್ಟದಲ್ಲಿ ನಿಲ್ಲದೆ ನಿಧಾನವಾಗಿ ಏರುತ್ತಲೇ ಇದ್ದರೆ ಒಳಗಿನ ಸೀಟು ಸವೆದಿದೆ ಎಂಬ ಅನುಮಾನಕ್ಕೆ ಅಷ್ಟು ಸಾಕು. ಬಿಚ್ಚಿ ರಿಪೇರಿ ಮಾಡುವ ಉಸಾಬರಿ ಮಾತ್ರ ತರಬೇತಿ ಪಡೆದವರಿಗೇ ಇರಲಿ.

ಮಾಸ್ಕ್ ಅಗ್ಗದ ಸಾಮಾನು, ಆದರೆ ಡೈವಿನ ಸುಖವೆಲ್ಲ ಅದರ ಮೇಲೆಯೇ ನಿಂತಿದೆ. ಒಂದೇ ಗಾಜಿನ ಕಪ್ಪು ಅಂಚಿನದನ್ನೂ ಎರಡು ಗಾಜಿನ ಪಾರದರ್ಶಕ ಅಂಚಿನದನ್ನೂ ಬಳಸಿದ್ದೇನೆ. ಪಾರದರ್ಶಕ ಸಿಲಿಕೋನು ಫೋಟೊದಲ್ಲಿ ಚೆಂದ, ಆದರೆ ಪಕ್ಕದಿಂದ ಬೆಳಕು ನುಗ್ಗಿ ಗಾಜಿನಲ್ಲಿ ಪ್ರತಿಫಲಿಸುತ್ತದೆ, ಕಾಲ ಕಳೆದಂತೆ ಹಳದಿಗೂ ತಿರುಗುತ್ತದೆ. ಕಪ್ಪೇ ಮೇಲು. ಕನ್ನಡಕ ಹಾಕುವವರಾದರೆ ಎರಡು ಗಾಜಿನದೇ ಸರಿ, ಅದಕ್ಕೆ ಸಿದ್ಧ ಪವರ್ ಗಾಜುಗಳು ದೊರೆಯುತ್ತವೆ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮೂಗಿನಿಂದ ಉಸಿರೆಳೆದು ನೋಡುವುದು ಎಲ್ಲರಿಗೂ ಗೊತ್ತು. ಬಾಯಲ್ಲಿ ರೆಗ್ಯುಲೇಟರಿನ ಮೌತ್‌ಪೀಸ್ ಇಟ್ಟುಕೊಂಡು ಇನ್ನೊಮ್ಮೆ ನೋಡಿ, ಕೆನ್ನೆಯ ಆಕಾರವೇ ಬದಲಾಗುತ್ತದೆ. ಮೀಸೆ ದಟ್ಟವಾಗಿದ್ದರೆ ಯಾವ ಮಾಸ್ಕೂ ಸ್ವಲ್ಪ ಸೋರುತ್ತದೆ. ಹೊಸ ಗಾಜಿನ ಒಳಮೈಗೆ ತಯಾರಿಕೆಯ ಪದರ ಅಂಟಿರುತ್ತದೆ. ಟೂತ್‌ಪೇಸ್ಟ್ ಹಾಕಿ ಬೆರಳಿನಿಂದ ಹಲವು ಸಲ ಉಜ್ಜಿ ತೊಳೆಯದಿದ್ದರೆ ಮಂಜು ಬಿಡುವುದಿಲ್ಲ.

ಈಜಲು ಕಾಲಿಗೆ ತೊಡುವ ರೆಕ್ಕೆಗಳ, ಅಂದರೆ ಫಿನ್‌ಗಳ, ವಿಷಯದಲ್ಲಿ ನಾನು ಬಹುಮತದ ವಿರುದ್ಧ. ಬೂಟಿ (ರಬ್ಬರಿನಂಥ ಮೆತ್ತನೆಯ ಪಾದರಕ್ಷೆ) ಹಾಕಿ ತೊಡುವ, ಹಿಮ್ಮಡಿ ತೆರೆದ ಫಿನ್ನೇ ಡೈವರುಗಳ ಗುರುತು ಎಂಬಂತಾಗಿದೆ. ನೇತ್ರಾಣಿಯಲ್ಲಿ ದೋಣಿಯಿಂದ ನೇರ ನೀರಿಗೆ ಬೀಳುತ್ತೇವೆ, ನಡೆಯುವ ಪ್ರಮೇಯವೇ ಇಲ್ಲ. ಬರಿಗಾಲಿಗೆ ಹಾಕುವ ಪೂರ್ಣಪಾದದ ಫಿನ್ ಹಗುರ, ಬೇಗ ಒಣಗುತ್ತದೆ, ವಿಮಾನದ ಚೀಲದಲ್ಲಿ ತೂಕ ಉಳಿಸುತ್ತದೆ. ಬೂಟಿಯಾದರೋ ಕರಾವಳಿಯ ಹವೆಯಲ್ಲಿ ಮರುದಿನವೂ ಹಸಿ, ಮೂರನೆಯ ದಿನ ವಾಸನೆ. ಆದರೆ ಸ್ವರಾಜ್ ದ್ವೀಪದಲ್ಲಿ ದಡದಿಂದಲೇ ನಡೆದು ಇಳಿಯುವ ಕಡೆ, ಕಾಲಡಿ ಸತ್ತ ಹವಳದ ಚೂರುಗಳಿರುವಾಗ, ಬೂಟಿಗೆ ಶರಣಾಗಲೇಬೇಕು.

ಗಾಳಿ ತುಂಬಿ ತೇಲುವಿಕೆಯನ್ನು ಹದಮಾಡುವ ಅಂಗಿ, ಅಂದರೆ ಬಿಸಿಡಿಯಲ್ಲಿ, ಜಾಕೆಟ್ಟು ಬಗೆಯದು ನೀರಿನ ಮೇಲೆ ನೆಟ್ಟಗೆ ತೇಲಿಸುತ್ತದೆ, ಬೆನ್ನಿಗೆ ಮಾತ್ರ ಗಾಳಿ ತುಂಬುವ ವಿಂಗ್ ನೀರಿನೊಳಗೆ ಅಡ್ಡಡ್ಡ ಮಲಗಿಸುತ್ತದೆ. ಎರಡನೆಯದೇ ನನಗಿಷ್ಟ, ಮೇಲೆ ಬಂದಾಗ ಗಾಳಿ ಹೆಚ್ಚಾದರೆ ಮುಖವನ್ನು ಮುಂದಕ್ಕೆ ತಳ್ಳುವ ದೋಷ ಇದ್ದರೂ. 3 ಮಿಲಿಮೀಟರ್ ಸೂಟಿಗೂ ತೆಳುಬಟ್ಟೆಯ ಬಿಗಿ ಅಂಗಿಯಾದ ಬರಿಯ ರ‍್ಯಾಶ್‌ಗಾರ್ಡಿಗೂ ಹೋಲಿಕೆಯೇ ಬೇಡ. ಎರಡನೆಯ ಡೈವಿನ ಹೊತ್ತಿಗೆ ಮೈ ನಡುಗುವವರು ಸೂಟು ಹಾಕಲಿ, ನೆರಳಿನಲ್ಲಿ ಒಣಗಿಸಲಿ.

ಮಳೆಗಾಲದ ಮೊದಲು ಬಿಸಿಡಿಯೊಳಗೆ ಸಿಹಿನೀರು ತುಂಬಿಸಿ ಕುಲುಕಿ, ತಲೆಕೆಳಗು ಮಾಡಿ ಬಸಿದು, ಅರ್ಧ ಗಾಳಿ ತುಂಬಿ ನೇತುಹಾಕಬೇಕು. ಮಡಚಿಟ್ಟರೆ ಒಳಗೆ ಬೂಸ್ಟು ಹಿಡಿಯುತ್ತದೆ. ರೆಗ್ಯುಲೇಟರಿನ ಕೊಳವೆಗಳನ್ನು ಅಗಲವಾಗಿ ಸುತ್ತಿಡಿ, ಬುಡದಲ್ಲಿ ಬಗ್ಗಿಸಬೇಡಿ. ಸರ್ವೀಸಿಗೆ ಜುಲೈಯಲ್ಲೇ ಕೊಟ್ಟುಬಿಡಿ. ಸೆಪ್ಟೆಂಬರ್ ಕೊನೆಗೆ ಹೋದರೆ ಎಲ್ಲರ ರೆಗ್ಯುಲೇಟರೂ ಅದೇ ಮೇಜಿನ ಮೇಲಿರುತ್ತದೆ.